ಹಲ್ಲು ಕಿತ್ತ ಮೇಲೆ

ಎರಡು ವರ್ಷಗಳ ಹಿಂದಿನ ಮಾತು. ದ್ವಿತೀಯ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ನನ್ನ ಮೇಜಿನ ಮೇಲೆ ರಜೆಯ ಅರ್ಜಿಯೊಂದನ್ನು ಇಟ್ಟಳು. ಬುದ್ಧಿಹಲ್ಲು ತೆಗೆಸಿದ್ದರಿಂದ ನಾಲ್ಕು ದಿನ ತರಗತಿಗೆ ಬರಲಾಗಲಿಲ್ಲವೆಂದೂ ದಯವಿಟ್ಟು ಹಾಜರಿ ಕೊಡಬೇಕೆಂದೂ ಅದರ ಸಾರಾಂಶ. "ಹಲ್ಲು ಕೀಳುವುದು ಒಂದು ಗಳಿಗೆಯ ಕೆಲಸ, ಉಳಿದ ನಾಲ್ಕು ದಿನ ಏನು ಮಾಡಿದೆಯಮ್ಮ?" ಎಂದು ಕೇಳಿದೆ. ತರಗತಿ ನಕ್ಕಿತು. ಆಕೆ ಏನೋ ಹೇಳಲು ಹೊರಟಳು. ಬಾಯಿ ಅರ್ಧದಷ್ಟು ಮಾತ್ರ ತೆರೆಯಿತು. ಅದನ್ನು ಕಣ್ಣಾರೆ ಕಂಡೂ ನನಗೆ ಅರ್ಥವಾಗಲಿಲ್ಲ. ಎರಡು ದಿನದ ಹಾಜರಿ ಕೊಟ್ಟು, ಉಳಿದೆರಡಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ.

ಕಳೆದ ಮಳೆಗಾಲದಲ್ಲಿ ನನ್ನ ಸರದಿ ಬಂತು. ನಲವತ್ತು ದಾಟಿದವನ ಎಡದವಡೆಯ ಮೂಲೆಯಲ್ಲಿ, ಪಕ್ಕದ ಹಲ್ಲಿಗೆ ತಲೆಯೊರಗಿಸಿ ಮಲಗಿದ್ದ ಒಂದು ಬುದ್ಧಿಹಲ್ಲು ವರ್ಷಕ್ಕೆರಡು ಬಾರಿ ಎದ್ದು ಕೆನ್ನೆಯನ್ನು ಬಾತಿಸಿ ಮತ್ತೆ ಮಲಗುತ್ತಿತ್ತು. ಕೊನೆಗೆ ವೈದ್ಯರು ವಸಡನ್ನು ಸೀಳಿ, ಎಲುಬನ್ನು ಕೊರೆದು, ಹಲ್ಲನ್ನು ಮೂರು ಹೋಳು ಮಾಡಿ ಹೊರಗೆ ತೆಗೆದರು. ಮುಕ್ಕಾಲು ಗಂಟೆಯ ಕೆಲಸ. ಎಳ್ಳಷ್ಟೂ ನೋವಾಗಲಿಲ್ಲ. ಸತ್ತಂತಿದ್ದ ತುಟಿಯಲ್ಲೇ ಗೆದ್ದವನ ನಗೆ ನಕ್ಕು, ಮನೆಗೆ ಬಂದು, "ಇದಕ್ಕೇನು ಇಷ್ಟು ಹೆದರಿಕೆ!" ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ. ಮೂರು ಗಂಟೆ ಕಳೆಯಿತು. ತುಟಿಗೆ ಜೀವ ಬಂತು. ಅದರ ಹಿಂದೆಯೇ ಇನ್ನೊಂದೂ ಬಂತು. ಆ ರಾತ್ರಿ ಆ ಹುಡುಗಿಯ ಅರ್ಜಿ ನೆನಪಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಮಾತು ನಿಷಿದ್ಧವಾದ ಮೇಷ್ಟರಿಗೆ ಓದುವುದೊಂದೇ ಗತಿ. ಹಾಸಿಗೆಯಲ್ಲಿ ಬಿದ್ದುಕೊಂಡು ವೈದ್ಯಶಾಸ್ತ್ರದ ಚರಿತ್ರೆಯ ಪುಸ್ತಕಗಳನ್ನು ತಿರುವಿಹಾಕಿದೆ. ಒಂದು ಸಂಗತಿ ವಿಚಿತ್ರವಾಗಿ ಕಂಡಿತು. ಹಲ್ಲು ಕೀಳುವುದರ ಚರಿತ್ರೆ ವಿಪುಲವಾಗಿದೆ: ಇಕ್ಕಳಗಳ ಚಿತ್ರಗಳಿವೆ, ಕಿತ್ತವರ ಕೀರ್ತಿಯಿದೆ, ಕೀಳುವಾಗಿನ ನೋವನ್ನು ಗೆದ್ದವರ ಜಗಳಗಳಂತೂ ಸಂಪುಟಗಟ್ಟಲೆ. ಆದರೆ ಹಲ್ಲು ಹೊರಬಂದ ಕ್ಷಣಕ್ಕೆ ಚರಿತ್ರಕಾರನೂ ತನ್ನ ಲೇಖನಿಯನ್ನು ಕೆಳಗಿಡುತ್ತಾನೆ. ಆ ಮನುಷ್ಯ ಮನೆಗೆ ಹೋದನಲ್ಲ, ಆ ರಾತ್ರಿ ಏನು ಮಾಡಿದ? ಏನು ಉಂಡ? ಎಷ್ಟನೆಯ ದಿನ ನಕ್ಕ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದವರು ಮೂಲೆಮುಡುಕುಗಳಲ್ಲಿ ಹುಡುಕಬೇಕು. ಸಿಕ್ಕಿದಷ್ಟನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಕನ್ನಡ ಮೇಷ್ಟರ ಚಾಪಲ್ಯವೆಂದು ಓದುಗರು ಮನ್ನಿಸಬೇಕು. ಹದಿನೇಳರಿಂದ ಇಪ್ಪತ್ತೈದರ ನಡುವೆ ಹುಟ್ಟುವ ಈ ಹಲ್ಲಿಗೆ ಲ್ಯಾಟಿನ್, ಅರಬ್ಬಿ ಭಾಷೆಗಳು ವಿವೇಕದ ಹೆಸರನ್ನಿಟ್ಟವು. ಮರಾಠಿಯ ಅಕ್ಕಲದಾಢ, ಇಂಗ್ಲಿಷಿನ ಹೆಸರು, ನಮ್ಮ ಬುದ್ಧಿಹಲ್ಲು ಎಲ್ಲವೂ ಅದೇ ದಾರಿಯವು. ಜಪಾನೀಯರು ಇದನ್ನು 'ತಂದೆತಾಯಿ ಅರಿಯದ್ದು' ಎಂಬರ್ಥದಲ್ಲಿ ಕರೆಯುತ್ತಾರೆ. ಮಗುವಿನ ಮೊದಲ ಹಲ್ಲನ್ನು ಕಂಡು ಹಿಗ್ಗುವ ತಾಯಿ ಈ ಕೊನೆಯದನ್ನು ಕಾಣುವುದಿಲ್ಲ. ಕೊರಿಯದವರಿಗೆ ಇದು 'ಪ್ರೇಮದ ಹಲ್ಲು'. ಎರಡೂ ಒಂದೇ ವಯಸ್ಸಿನಲ್ಲಿ ಬಂದು ಒಂದೇ ಬಗೆಯಲ್ಲಿ ನೋಯಿಸುತ್ತವೆಯೆಂದಿರಬೇಕು. ಅರಿಸ್ಟಾಟಲನು ತನ್ನ ಪ್ರಾಣಿಚರಿತ್ರೆಯಲ್ಲಿ, ಎಂಬತ್ತು ದಾಟಿದ ಮುದುಕಿಯರಿಗೂ ಆಯುಸ್ಸಿನ ಅಂಚಿನಲ್ಲಿ ಈ ಹಲ್ಲು ಬಹು ನೋವಿನೊಡನೆ ಮೂಡಿದ್ದುಂಟೆಂದು ಬರೆದಿದ್ದಾನೆ. ಓದಿ ಸ್ವಲ್ಪ ಸಮಾಧಾನವಾಯಿತು. ನನ್ನದು ಅಷ್ಟೊಂದು ತಡವಲ್ಲ.

ನಮ್ಮ ಕಡೆ ಈ ನೋವನ್ನು ಕಣ್ಣಿಟ್ಟು ನೋಡಿದವನು ಸುಶ್ರುತ. ಅವನ ಸಂಹಿತೆಯ ನಿದಾನಸ್ಥಾನದಲ್ಲಿ ಬಾಯಿಯ ರೋಗಗಳನ್ನು ಎಣಿಸುವಾಗ 'ಅಧಿಮಾಂಸ' ಎಂಬೊಂದು ಬರುತ್ತದೆ. ದವಡೆಯ ಪಶ್ಚಿಮದ, ಎಂದರೆ ಕಟ್ಟಕಡೆಯ, ಹಲ್ಲಿನ ಬಳಿ ದೊಡ್ಡ ಬಾವು, ದೊಡ್ಡ ನೋವು, ಸುರಿಯುವ ಜೊಲ್ಲು. ಇಂದಿನ ದಂತವೈದ್ಯರು ಇದನ್ನು ಓದಿದರೆ ಬುದ್ಧಿಹಲ್ಲಿನ ಮೇಲಣ ವಸಡಿನ ಉರಿಯೂತವೆಂದು ತಕ್ಷಣ ಗುರುತಿಸುತ್ತಾರೆ. ಸುಶ್ರುತನ ಚಿಕಿತ್ಸೆ, ಆ ಹೆಚ್ಚುವರಿ ಮಾಂಸವನ್ನು ಕತ್ತರಿಸುವುದು. ಆಮೇಲೆ ಬಜೆ ಮುಂತಾದವುಗಳ ಪುಡಿಯನ್ನು ಜೇನಿನಲ್ಲಿ ಕಲಸಿ ಹಚ್ಚುವುದು. ಹಿಪ್ಪಲಿ ಮತ್ತು ಜೇನನ್ನು ಬಾಯಲ್ಲಿ ಹಿಡಿಯುವುದು. ಪಡವಲ, ತ್ರಿಫಲೆ, ಬೇವುಗಳ ಕಷಾಯದಿಂದ ತೊಳೆಯುವುದು. ಕತ್ತರಿಸುವುದಕ್ಕೆ ಒಂದು ಮಾತು ಸಾಕಾಯಿತು. ಆಮೇಲಿನ ಆರೈಕೆಗೆ ಎಷ್ಟೊಂದು ಮಾತುಗಳು ಬೇಕಾದವು ನೋಡಿ. ನಾನು ಕಂಡ ಶಸ್ತ್ರವೈದ್ಯಗ್ರಂಥಗಳಲ್ಲಿ ಈ ಪ್ರಮಾಣ ಅಪರೂಪ.

ಹಲ್ಲು ಕೀಳುವುದಕ್ಕೆ ದಂತಶಂಕು ಎಂಬ ಉಪಕರಣವನ್ನು ಹೇಳಿದರೂ ಅವನಿಗೆ ಆ ಕೆಲಸದಲ್ಲಿ ಆತುರವಿಲ್ಲ. ಮೇಲ್ದವಡೆಯ ಗಟ್ಟಿ ಹಲ್ಲನ್ನು ಬೇರುಸಹಿತ ಕಿತ್ತರೆ ಅತಿಯಾಗಿ ರಕ್ತ ಹರಿದು ಘೋರ ರೋಗಗಳು ಬರುತ್ತವೆ, ಕಣ್ಣು ಹೋಗುತ್ತದೆ, ಮುಖ ಸೊಟ್ಟಗಾಗುತ್ತದೆ. ಆದ್ದರಿಂದ ಅಲುಗಾಡುತ್ತಿದ್ದರೂ ಅದನ್ನು ಕೀಳಬೇಡ ಎಂದು ವೈದ್ಯನನ್ನು ತಡೆಯುತ್ತಾನೆ. ಹಲ್ಲಿನ ರೋಗಿ ಬಿಡಬೇಕಾದವು ಯಾವುವೆಂದರೆ ಹುಳಿ ಹಣ್ಣು, ತಣ್ಣೀರು, ಒಣ ಅನ್ನ, ಹಲ್ಲುಜ್ಜುವುದು, ಬಹಳ ಗಟ್ಟಿಯಾದ ತಿಂಡಿ. ನನ್ನ ವೈದ್ಯರು ಕೈಗಿತ್ತ ಅಚ್ಚಿನ ಹಾಳೆಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದೆ. ಹುಳಿ ಬೇಡ, ಗಟ್ಟಿ ಬೇಡ, ಗಾಯದ ಬಳಿ ಉಜ್ಜುವುದು ಬೇಡ, ಮೂರೂ ಹೊಂದಿದವು. ತಣ್ಣೀರಿನ ವಿಷಯದಲ್ಲಿ ಮಾತ್ರ ಸುಶ್ರುತನಿಗೂ ನನ್ನ ವೈದ್ಯರಿಗೂ ಭಿನ್ನಾಭಿಪ್ರಾಯ. ಇವರು ಮೊದಲ ದಿನ ಕೆನ್ನೆಯ ಮೇಲೆ ಮಂಜುಗಡ್ಡೆಯನ್ನೇ ಇಡಲು ಹೇಳಿದ್ದರು. ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂದು ಎದೆ ತಟ್ಟಿಕೊಳ್ಳುವವರ ಸಾಲಿನಲ್ಲಿ ನಾನಿಲ್ಲ. ಆದರೆ ನೋಯುವ ಬಾಯಿಗೆ ಏನು ಸೇರುವುದಿಲ್ಲವೆಂದು ಈ ಮನುಷ್ಯ ರೋಗಿಯ ಬಳಿ ಕುಳಿತು ನೋಡಿದ್ದಾನೆ. ಬರಿಯ ತರ್ಕದಿಂದ ಈ ಪಟ್ಟಿ ಹುಟ್ಟುವಂಥದಲ್ಲ.

ಯುರೋಪಿನಲ್ಲಿ ರೋಮಿನ ಸೆಲ್ಸಸ್, ಕಿತ್ತ ಮೇಲೆ ರಕ್ತ ಅತಿಯಾಗಿ ಹರಿದರೆ ದವಡೆಯ ಎಲುಬು ಮುರಿದಿದೆಯೆಂದು ತಿಳಿಯಬೇಕೆಂದ. ಅನಂತರದ ಶತಮಾನಗಳು ಕ್ಷೌರಿಕರವು ಮತ್ತು ಸಂತೆಯ ಹಲ್ಲುಕೀಳುವವರವು. ಡೋಲು ಬಾರಿಸಿ ಜನ ಸೇರಿಸಿ ಹಲ್ಲು ಕೀಳುತ್ತಿದ್ದರು. ಡೋಲಿನ ಸದ್ದಿನಲ್ಲಿ ಕಿರುಚಾಟ ಕೇಳಿಸುತ್ತಿರಲಿಲ್ಲ. ರಷ್ಯದ ಚಕ್ರವರ್ತಿ ಮಹಾ ಪೀಟರನಿಗೆ ಈ ಕಲೆಯ ಹುಚ್ಚು ಹಿಡಿದು, ಆಸ್ಥಾನಿಕರ ಹಲ್ಲುಗಳನ್ನು ಸ್ವಹಸ್ತದಿಂದ ಕೀಳುತ್ತಿದ್ದನಂತೆ. ಅವನು ಕಿತ್ತ ಹಲ್ಲುಗಳ ಸಂಗ್ರಹ ಸೇಂಟ್ ಪೀಟರ್ಸ್‌ಬರ್ಗಿನ ವಸ್ತುಸಂಗ್ರಹಾಲಯದಲ್ಲಿ ಉಳಿದುಬಂದಿದೆ. ಹಲ್ಲುಗಳು ಉಳಿದವು. ಆ ಆಸ್ಥಾನಿಕರು ಮರುದಿನ ಏನು ಉಂಡರೆಂಬುದನ್ನು ಯಾರೂ ಗಾಜಿನ ಪೆಟ್ಟಿಗೆಯಲ್ಲಿಡಲಿಲ್ಲ. ದೂರದ ರಷ್ಯವೇಕೆ? ನಮ್ಮ ತಂದೆಯವರ ದವಡೆಹಲ್ಲನ್ನು ಜಾತ್ರೆಯಲ್ಲಿ ಚಾಪೆ ಹಾಸಿ ಕುಳಿತಿದ್ದವನೊಬ್ಬ ಇಕ್ಕಳದಲ್ಲಿ ಕಿತ್ತನಂತೆ. ಮರುದಿನ ಕೆನ್ನೆಗೆ ವಸ್ತ್ರ ಬಿಗಿದುಕೊಂಡು ಗದ್ದೆಗೆ ಹೋದರೆಂದು ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದರು. ಹಿಂದಿನ ರಾತ್ರಿ ಅವರು ಹೇಗಿದ್ದರೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹಲ್ಲುನೋವಿನ ಚರಿತ್ರೆಯಲ್ಲಿ 'ಆಮೇಲೆ' ಎಂಬುದನ್ನು ಪ್ರಾಮಾಣಿಕವಾಗಿ ಬರೆದಿಟ್ಟವರಲ್ಲಿ ಒಬ್ಬ, ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿದ್ದ ಹಂಫ್ರಿ ಡೇವಿ ಎಂಬ ಇಪ್ಪತ್ತು ದಾಟಿದ ತರುಣ; ಮುಂದೆ ಜಗತ್ಪ್ರಸಿದ್ಧ ರಸಾಯನಶಾಸ್ತ್ರಜ್ಞನಾದವನು. ಅನಿಲಗಳನ್ನು ಉಸಿರಾಡಿಸಿ ರೋಗ ಗುಣಪಡಿಸಬಹುದೇ ಎಂದು ಪರೀಕ್ಷಿಸಲು ಡಾಕ್ಟರ್ ಬೆಡೋಸ್ ಅಲ್ಲಿ ಒಂದು ಸಂಸ್ಥೆಯನ್ನು ತೆರೆದಿದ್ದ. ಅಲ್ಲಿ ಡೇವಿ ನಗೆಯನಿಲವೆಂದು ನಾವು ಕರೆಯುವ ನೈಟ್ರಸ್ ಆಕ್ಸೈಡನ್ನು ತಾನೇ ಸೇವಿಸಿ ನೋಡುತ್ತಿದ್ದ. 1800ರಲ್ಲಿ ಪ್ರಕಟವಾದ ಐನೂರಕ್ಕೂ ಮಿಕ್ಕ ಪುಟಗಳ ಅವನ ಗ್ರಂಥದಲ್ಲಿ ಒಂದು ಸಣ್ಣ ಪ್ರಸಂಗವಿದೆ. ಆಗ ಅವನಿಗೆ ಹುಟ್ಟುತ್ತಿದ್ದದ್ದು ಬುದ್ಧಿಹಲ್ಲು! ವಸಡೆಲ್ಲ ಊದಿ, ನಿದ್ರೆಯೂ ಇಲ್ಲ, ಕೆಲಸವೂ ಇಲ್ಲ ಎಂಬಂತಾದಾಗ ಅವನು ಮೂರು ಬಾರಿ ಈ ಅನಿಲವನ್ನು ಎಳೆದುಕೊಂಡ. ನಾಲ್ಕೈದು ಉಸಿರಿಗೆ ನೋವು ಇಳಿದು ಸುಖವೇ ಮೇಲಾಯಿತು. ಆದರೆ ಮನಸ್ಸು ಮೊದಲ ಸ್ಥಿತಿಗೆ ಬಂದೊಡನೆ ನೋವೂ ಬಂತು. ಒಮ್ಮೆಯಂತೂ ಮೊದಲಿಗಿಂತ ಹೆಚ್ಚಾಗಿಯೇ ಬಂದಂತೆ ತೋರಿತೆಂದು ಅವನು ದಾಖಲಿಸಿದ್ದಾನೆ. ಶಸ್ತ್ರಚಿಕಿತ್ಸೆಗೆ ಈ ಅನಿಲ ಉಪಯೋಗಕ್ಕೆ ಬರಬಹುದೆಂದು ಅದೇ ಗ್ರಂಥದಲ್ಲಿ ಸೂಚಿಸಿದ. ಯಾರೂ ಕಿವಿಗೊಡಲಿಲ್ಲ. ನಲವತ್ತು ವರ್ಷಕ್ಕೂ ಮಿಕ್ಕಿ ಅದು ಮೇಳಗಳಲ್ಲಿ ಜನರನ್ನು ನಗಿಸಿ ಕುಣಿಸುವ ಆಟಿಕೆಯಾಗಿಯೇ ಉಳಿಯಿತು.

ಅಂಥದೊಂದು ಆಟ 1844ರ ಡಿಸೆಂಬರ್ 10ರಂದು ಅಮೆರಿಕೆಯ ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡಿನಲ್ಲಿ ನಡೆಯಿತು. ಗಾರ್ಡ್ನರ್ ಕೋಲ್ಟನ್ ಎಂಬಾತ ಪ್ರದರ್ಶಕ. ಅನಿಲ ಸೇವಿಸಿ ಮತ್ತೇರಿದ ಕೂಲಿ ಎಂಬ ತರುಣ ಬೆಂಚುಗಳಿಗೆ ಡಿಕ್ಕಿ ಹೊಡೆದು ಕಾಲಿಗೆ ಗಾಯ ಮಾಡಿಕೊಂಡ. ರಕ್ತ ಹರಿಯುತ್ತಿದ್ದರೂ ಅವನಿಗೆ ಅರಿವಿಲ್ಲ. ಸಭಿಕರಲ್ಲಿದ್ದ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ಇದನ್ನು ಗಮನಿಸಿದ. ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ಅವನ ಬಾಯಲ್ಲೇ ಕಾಡುತ್ತಿದ್ದ ಬುದ್ಧಿಹಲ್ಲೊಂದಿತ್ತು. ಮರುದಿನವೇ ಕೋಲ್ಟನನನ್ನು ಅನಿಲದ ಚೀಲದೊಡನೆ ಕರೆಸಿದ. ತಾನೇ ಕುರ್ಚಿಯಲ್ಲಿ ಕುಳಿತ. ಜಾನ್ ರಿಗ್ಸ್ ಎಂಬ ಗೆಳೆಯ ಹಲ್ಲನ್ನು ಕಿತ್ತ. ಎಚ್ಚರಗೊಂಡ ವೆಲ್ಸನಿಗೆ ಸೂಜಿ ಚುಚ್ಚಿದಷ್ಟೂ ನೋವಾಗಿರಲಿಲ್ಲ. ಹಲ್ಲು ಕೀಳುವ ವಿದ್ಯೆಯಲ್ಲಿ ಹೊಸ ಯುಗ ಹುಟ್ಟಿತೆಂದು ಅವನು ಸಂಭ್ರಮಿಸಿದ. ಸಂಭ್ರಮಕ್ಕೆ ಕಾರಣವಿತ್ತು.

ಅಷ್ಟಕ್ಕೇ ನಿಂತಿದ್ದರೆ ಸುಖಾಂತವಾಗುತ್ತಿತ್ತು. ಹನ್ನೆರಡು ಹದಿನೈದು ಜನರ ಹಲ್ಲುಗಳನ್ನು ಹೀಗೆಯೇ ಕಿತ್ತು ಧೈರ್ಯಗೊಂಡ ವೆಲ್ಸ್ 1845ರ ಜನವರಿಯಲ್ಲಿ ಬಾಸ್ಟನ್ನಿನ ವೈದ್ಯ ವಿದ್ಯಾರ್ಥಿಗಳ ಮುಂದೆ ಪ್ರಯೋಗ ತೋರಿಸಲು ಹೋದ. ಅನಿಲದ ಚೀಲವನ್ನು ಸ್ವಲ್ಪ ಬೇಗ ತೆಗೆದುಬಿಟ್ಟರು. ಹಲ್ಲು ಬರುವಾಗ ರೋಗಿ ನರಳಿದ. ತನಗೆ ಹೆಚ್ಚು ನೋವಾಗಲಿಲ್ಲವೆಂದು ಆ ರೋಗಿಯೇ ಅನಂತರ ಹೇಳಿದನಂತೆ. ಆದರೆ ಆ ಹೊತ್ತಿಗೆ ಸಭೆ ಮೋಸ ಮೋಸವೆಂದು ಕೂಗಿ ಚದುರಿತ್ತು. ಮರುವರ್ಷ ವೆಲ್ಸನ ಹಳೆಯ ಶಿಷ್ಯನೂ ಪಾಲುದಾರನೂ ಆಗಿದ್ದ ವಿಲಿಯಂ ಮಾರ್ಟನ್ ಈಥರನ್ನು ಹಿಡಿದು ಅದೇ ನಗರದಲ್ಲಿ, 1846ರ ಅಕ್ಟೋಬರ್ 16ರಂದು, ಶಸ್ತ್ರಚಿಕಿತ್ಸೆಯ ಮುಂದೆ ಗೆದ್ದ. ವೆಲ್ಸ್ ಹಕ್ಕಿಗಾಗಿ ಹೋರಾಡಿದ, ಪ್ಯಾರಿಸಿಗೆ ಹೋಗಿಬಂದ, ಕ್ಲೋರೋಫಾರ್ಮನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಳ್ಳುತ್ತ ಅದರ ವಶನಾದ. 1848ರ ಜನವರಿಯಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಮತಿಗೆಟ್ಟು ಹೆಂಗಸರ ಮೇಲೆ ಆಮ್ಲ ಎರಚಿ ಸೆರೆಮನೆ ಸೇರಿದ. ಅದೇ ತಿಂಗಳ 24ರಂದು, ಕ್ಲೋರೋಫಾರ್ಮನ್ನು ಸೇವಿಸಿ, ತೊಡೆಯ ರಕ್ತನಾಳವನ್ನು ಕೊಯ್ದುಕೊಂಡು ಸತ್ತ. ವಯಸ್ಸು ಮೂವತ್ಮೂರು. ಪ್ಯಾರಿಸಿನ ವೈದ್ಯಸಂಘ ಅವನನ್ನು ಗೌರವಿಸಿದ ಸುದ್ದಿ ಬರುವಾಗ ಅವನಿರಲಿಲ್ಲ. ಹಾರ್ಟ್‌ಫರ್ಡಿನ ಬುಷ್ನೆಲ್ ಉದ್ಯಾನದಲ್ಲಿ ಅವನ ಪ್ರತಿಮೆ ನಿಂತಿದೆ.

ನೋವನ್ನು ಗೆಲ್ಲಲು ಹೊರಟವನ ಈ ಕೊನೆಯನ್ನು ಓದಿದಾಗ ಕೆನ್ನೆಯ ಮೇಲಿದ್ದ ನನ್ನ ಕೈ ತಾನಾಗಿ ಕೆಳಗಿಳಿಯಿತು. ಆದರೂ ಒಂದನ್ನು ಗಮನಿಸಬೇಕು. ಡೇವಿ ಕಂಡ ಆಮೇಲಿನ ನೋವಿಗೆ ಅನಿಲವೂ ಈಥರೂ ಉತ್ತರ ಹೇಳಲಿಲ್ಲ. ಅವು ಮನುಷ್ಯನನ್ನು ಆ ಗಳಿಗೆಯಿಂದ ಪಾರುಮಾಡಿ, ಎಚ್ಚರಿಸಿ, ಮನೆಗೆ ಕಳುಹಿಸಿದವು. ಮುಂದೆ ಸೂಜಿಮದ್ದು ಬಂದಾಗಲೂ ಇದೇ ಕಥೆ. ಕೊಕೇನಿನಿಂದ ದವಡೆಯ ನರವನ್ನು ಮರಗಟ್ಟಿಸಬಹುದೆಂದು ನ್ಯೂಯಾರ್ಕಿನ ವಿಲಿಯಂ ಹಾಲ್‌ಸ್ಟೆಡ್ 1884ರ ಸುಮಾರಿಗೆ ತೋರಿಸಿಕೊಟ್ಟ. ಅವನೂ ಆ ಮದ್ದಿಗೆ ದಾಸನಾದ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೇನ್ ತಯಾರಿಸಿದ ಲಿಡೋಕೇನ್ ಇಂದಿಗೂ ನಮ್ಮೆಲ್ಲರ ದವಡೆಗಳನ್ನು ಕಾಯುತ್ತಿದೆ. ಎರಡು ಮೂರು ಗಂಟೆ ಕಾಯುತ್ತದೆ. ಆಮೇಲೆ ಕಾವಲುಗಾರ ಮನೆಗೆ ಹೋಗುತ್ತಾನೆ.

ಗಾಯ ಮಾಯುವ ಬಗೆಯನ್ನು ನನ್ನ ವೈದ್ಯರು ನನಗೆ ಎರಡು ಬಾರಿ ವಿವರಿಸಬೇಕಾಯಿತು. ಹಲ್ಲು ಹೋದ ಗುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಕಟ್ಟು, ಅದೇ ಮುಲಾಮು. ಅದರ ಮೇಲೆಯೇ ಹೊಸ ಮಾಂಸ ಬೆಳೆಯಬೇಕು. ಬಾವು ಎರಡು ಮೂರನೆಯ ದಿನಕ್ಕೆ ಏರಿ ಇಳಿಯುತ್ತದೆ. ವಸಡು ಮುಚ್ಚಲು ವಾರಗಳು, ಎಲುಬು ತುಂಬಲು ತಿಂಗಳುಗಳು ಬೇಕು. ಹೆಪ್ಪು ಕದಲಿದರೆ ಮಾತ್ರ ಗುಳಿಯ ಎಲುಬು ಬರಿದಾಗಿ, ಮೂರರಿಂದ ಐದನೆಯ ದಿನದೊಳಗೆ, ಕಿವಿಯವರೆಗೂ ಹಬ್ಬುವ ನೋವು ಹೊಸದಾಗಿ ಏಳುತ್ತದೆ. 'ಒಣಗುಳಿ' ಎನ್ನಬಹುದಾದ ಈ ಉಪದ್ರವವನ್ನು 1896ರಲ್ಲಿ ಕ್ರಾಫರ್ಡ್ ಎಂಬ ಅಮೆರಿಕದ ದಂತವೈದ್ಯ ಮೊದಲು ವರ್ಣಿಸಿದ. ನೋವಿಲ್ಲದೆ ಹಲ್ಲು ಕೀಳಲು ಕಲಿತು ಅರ್ಧ ಶತಮಾನ ಕಳೆದ ಮೇಲೆ, ನಾಲ್ಕನೆಯ ದಿನದ ನೋವಿಗೆ ಒಂದು ಹೆಸರು ಸಿಕ್ಕಿತು!

ಇದನ್ನೆಲ್ಲ ಎರಡು ಬಾರಿ ಏಕೆ ವಿವರಿಸಬೇಕಾಯಿತೆಂದರೆ, ಮೊದಲ ಬಾರಿ ನಾನು ಕೇಳಿಸಿಕೊಂಡಿರಲಿಲ್ಲ. ಬಾಯಲ್ಲಿ ರಕ್ತದ ರುಚಿ ಸಹಿಸದೆ ಮೊದಲ ರಾತ್ರಿಯೇ ಬಚ್ಚಲಲ್ಲಿ ನಿಂತು ಬಲವಾಗಿ ಮುಕ್ಕಳಿಸಿ ಉಗುಳಿದೆ, ಒಂದಲ್ಲ, ನಾಲ್ಕು ಬಾರಿ. ಮೂರನೆಯ ದಿನ ಅಮ್ಮ ಬೆಚ್ಚಗಿನ ರಾಗಿ ಅಂಬಲಿ ಕುಡಿಸಿ, "ಲವಂಗ ಇಟ್ಟುಕೋ" ಎಂದಾಗ, ಇದು ಹಳ್ಳಿಯ ಮದ್ದಿನ ಕಾಲವಲ್ಲವೆಂದು ಕೈಸನ್ನೆಯಲ್ಲೇ ತಳ್ಳಿಹಾಕಿದೆ. ನಾಲ್ಕನೆಯ ರಾತ್ರಿ ಗೋಡೆಗೆ ತಲೆಯಾನಿಸಿ ಕುಳಿತೇ ಬೆಳಗು ಮಾಡಿದೆ. ವೈದ್ಯರು ಗುಳಿಯನ್ನು ಮೆಲ್ಲಗೆ ತೊಳೆದು, ಔಷಧದಲ್ಲಿ ನೆನೆಸಿದ ಬತ್ತಿಯೊಂದನ್ನು ತುಂಬಿದರು. ಐದೇ ನಿಮಿಷದಲ್ಲಿ ನೋವು ತಗ್ಗತೊಡಗಿತು. ಔಷಧದ ವಾಸನೆ ಬಹಳ ಪರಿಚಯದ್ದಾಗಿ ಕಂಡು ಸನ್ನೆಯಿಂದ ಕೇಳಿದೆ. "ಯೂಜೆನಾಲ್. ಲವಂಗದೆಣ್ಣೆಯ ಸಾರ" ಎಂದರು. ಮನೆಗೆ ಬಂದು ಅಮ್ಮನಿಗೆ ಇದನ್ನು ಹೇಳಲಿಲ್ಲ. ವಾಸನೆಯಿಂದಲೇ ಅವರಿಗೆ ತಿಳಿಯಿತು.

ಈ ಅನಾಮಧೇಯ ದಿನಗಳಿಗೆ ಚರಿತ್ರೆಯಲ್ಲಿ ಒಂದು ಸ್ಥಾನ ದೊರೆತದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅದೂ ಬಹು ವಿಚಿತ್ರವಾದ ರೀತಿಯಲ್ಲಿ. ನೋವಿನ ಮಾತ್ರೆಯೊಂದು ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಬೇಕಾದರೆ ನೋಯುವ ಜನ ಬೇಕಷ್ಟೆ. ಒಬ್ಬೊಬ್ಬರ ನೋವೂ ಒಂದೊಂದು ಬಗೆ. ತಕ್ಕಡಿಯೇ ಅಲುಗಾಡುತ್ತಿದ್ದರೆ ತೂಗುವುದು ಹೇಗೆ? 1976ರಲ್ಲಿ ಸ್ಟೀಫನ್ ಕೂಪರ್ ಮತ್ತು ವಿಲಿಯಂ ಬೀವರ್ ಎಂಬ ಅಮೆರಿಕದ ವಿದ್ವಾಂಸರು ಒಂದು ಕ್ರಮವನ್ನು ಪ್ರಕಟಿಸಿದರು. ಬುದ್ಧಿಹಲ್ಲು ತೆಗೆಸಿಕೊಳ್ಳುವವರು ಬಹುಪಾಲು ತರುಣರು, ಬೇರೆ ರೋಗವಿಲ್ಲದವರು. ಗಾಯ ಎಲ್ಲರಿಗೂ ಹೆಚ್ಚುಕಡಮೆ ಒಂದೇ. ಸೂಜಿಮದ್ದು ಇಳಿದ ಗಂಟೆಯಲ್ಲಿ ನೋವು ತಪ್ಪದೆ ಬರುತ್ತದೆ. ಕೆಲವು ದಿನಗಳಲ್ಲಿ ತಪ್ಪದೆ ಹೋಗುತ್ತದೆ. ಅವರ ಕೈಗೆ ಮಾತ್ರೆಯನ್ನೂ ಒಂದು ಹಾಳೆಯನ್ನೂ ಕೊಟ್ಟು, ಗಂಟೆಗಂಟೆಗೂ ನೋವೆಷ್ಟು, ಶಮನವೆಷ್ಟು ಎಂದು ಬರೆಯಿಸುವುದು. ಇಷ್ಟೇ. ಅಂದಿನಿಂದ ಬುದ್ಧಿಹಲ್ಲು ಕಿತ್ತ ಮೇಲಿನ ನೋವು ಔಷಧಲೋಕದ ಅಳತೆಗೋಲಾಯಿತು. ಸ್ಟುವರ್ಟ್ ಆಡಮ್ಸನ ಬಳಗ ಕಂಡುಹಿಡಿದು, 1969ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದ ಐಬುಪ್ರೋಫೆನ್ನನ್ನು ಈ ಕೋಲಿನಿಂದ ಅಳೆದರು. ಅನಂತರ ಬಂದ ಎಷ್ಟೋ ಮಾತ್ರೆಗಳನ್ನೂ ಅಳೆದರು. ತಲೆನೋವಿಗೋ ಬೆನ್ನುನೋವಿಗೋ ನಾವು ನುಂಗುವ ಮಾತ್ರೆಯ ಹಿಂದೆ, ಯಾವುದೋ ಆಸ್ಪತ್ರೆಯ ಕೊಠಡಿಯಲ್ಲಿ ಕೆನ್ನೆ ಹಿಡಿದು ಕುಳಿತು ಅಂಕಿ ಗುರುತಿಸಿದ ಹುಡುಗ ಹುಡುಗಿಯರು ಇದ್ದಾರೆ.

ಇನ್ನೂ ಆಳಕ್ಕೆ ಇಳಿದ ಪ್ರಯೋಗಗಳು ಎರಡು. ಅಫೀಮಿನಂಥ ವಸ್ತುವನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆಂದು 1975ರಲ್ಲಿ ಸ್ಕಾಟ್ಲೆಂಡಿನ ಹ್ಯೂಸ್ ಮತ್ತು ಕಾಸ್ಟರ್ಲಿಟ್ಸ್ ತೋರಿಸಿದ್ದರು. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಲೆವೀನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು, ಬುದ್ಧಿಹಲ್ಲು ಕಳೆದುಕೊಂಡವರಿಗೆ ಯಾವ ಗುಣವೂ ಇಲ್ಲದ ಹುಸಿಮದ್ದನ್ನು ಕೊಟ್ಟರು. ಕೆಲವರಿಗೆ ನೋವು ತಗ್ಗಿತು. ಆಮೇಲೆ ಅಫೀಮಿನ ಶಕ್ತಿಯನ್ನು ಕೆಡಿಸುವ ನೆಲಾಕ್ಸೋನ್ ಎಂಬ ಔಷಧವನ್ನು ಕೊಟ್ಟಾಗ, ಹುಸಿಮದ್ದಿನಿಂದ ಶಮನ ಪಡೆದಿದ್ದವರ ನೋವೇ ಹೆಚ್ಚಿತು. ಎಂದರೆ ಅವರು ನಟಿಸುತ್ತಿರಲಿಲ್ಲ. ಮದ್ದು ಸಿಕ್ಕಿತೆಂಬ ನಂಬಿಕೆಯೇ ಅವರ ಮೆದುಳಿನಲ್ಲಿ ಮದ್ದನ್ನು ಕಡೆದಿತ್ತು. ಈ ತೀರ್ಮಾನದ ಬಗೆಗೆ ಬಹಳ ಚರ್ಚೆ ನಡೆಯಿತಾದರೂ ಮುಂದಿನ ಸಂಶೋಧನೆಗಳಿಗೆಲ್ಲ ದಾರಿ ತೆರೆದದ್ದು ಅದೇ.

1985ರಲ್ಲಿ ರಿಚರ್ಡ್ ಗ್ರೇಸ್ಲಿ ಮತ್ತು ಸಂಗಡಿಗರು ನಡೆಸಿದ್ದು ನನ್ನನ್ನು ಹೆಚ್ಚು ಕಲಕಿತು. ಅಲ್ಲಿಯೂ ಬುದ್ಧಿಹಲ್ಲಿನ ರೋಗಿಗಳೇ. ಈ ಚುಚ್ಚುಮದ್ದಿನಿಂದ ನೋವು ಕಡಮೆಯಾಗಬಹುದು, ಹೆಚ್ಚಾಗಬಹುದು, ಹಾಗೆಯೇ ಇರಬಹುದು ಎಂದು ಎಲ್ಲರಿಗೂ ಒಂದೇ ಮಾತು ಹೇಳಿದ್ದರು. ಚುಚ್ಚುವ ವೈದ್ಯರಿಗೆ ಮಾತ್ರ, ಒಂದು ಗುಂಪಿನಲ್ಲಿ ನಿಜವಾದ ನೋವುನಿವಾರಕ ಸಿಗುವ ಸಂಭವವಿದೆ, ಇನ್ನೊಂದರಲ್ಲಿ ಆ ಸಂಭವವೇ ಇಲ್ಲ ಎಂದು ತಿಳಿದಿತ್ತು. ಎರಡು ಗುಂಪಿನಲ್ಲೂ ಹುಸಿಮದ್ದು ಪಡೆದವರನ್ನು ಹೋಲಿಸಿ ನೋಡಿದರು. ಸಂಭವವಿದೆಯೆಂದು ವೈದ್ಯರು ನಂಬಿದ್ದಲ್ಲಿ ರೋಗಿಯ ನೋವು ಇಳಿದಿತ್ತು. ಇಲ್ಲವೆಂದು ತಿಳಿದಿದ್ದಲ್ಲಿ ಏರಿತ್ತು. ಆಡಿದ ಮಾತು ಒಂದೇ, ಕೊಟ್ಟ ಹುಸಿಮದ್ದು ಒಂದೇ. ಕಣ್ಣಿನಿಂದಲೋ ದನಿಯಿಂದಲೋ ಕೈಯ ಹದದಿಂದಲೋ ಏನೋ ಒಂದು ದಾಟಿಹೋಗಿತ್ತು. "ಏನು ಮಾಡಿದೆಯಮ್ಮ?" ಎಂದು ನಾನು ಕೇಳಿದ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ಆ ಪುಟದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು.

ಆಮೇಲಿನ ನೋವನ್ನು ಉಪೇಕ್ಷಿಸುವುದು ಒಂದು ತಪ್ಪಾದರೆ ಅದನ್ನು ಬೇರುಸಹಿತ ಅಳಿಸಹೊರಡುವುದು ಇನ್ನೊಂದು. ಅಮೆರಿಕೆಯಲ್ಲಿ ಬುದ್ಧಿಹಲ್ಲು ತೆಗೆಸಿಕೊಂಡ ತರುಣರಿಗೆ ಅಫೀಮಿನ ವರ್ಗದ ಮಾತ್ರೆಗಳನ್ನು ಧಾರಾಳವಾಗಿ ಬರೆದುಕೊಡುವ ರೂಢಿ ಬಹುಕಾಲ ನಡೆಯಿತು. ಎಷ್ಟೋ ಮಕ್ಕಳಿಗೆ ಆ ವಸ್ತುವಿನ ಮೊದಲ ಪರಿಚಯ ಆದದ್ದೇ ದಂತವೈದ್ಯರ ಚೀಟಿಯಿಂದ. ಕೆಲವರು ಅದರಿಂದ ಹೊರಬರಲಿಲ್ಲ. ಅಲ್ಲಿನ ದಂತವೈದ್ಯರ ಸಂಘ 2018ರಲ್ಲಿ ಇದಕ್ಕೆ ಏಳು ದಿನಗಳ ಮಿತಿ ಹಾಕಬೇಕೆಂದು ನಿಂತಿತು. ಐಬುಪ್ರೋಫೆನ್ನಿನಂಥ ಮಾತ್ರೆಯನ್ನು ಒಂಟಿಯಾಗಿಯೋ ಪ್ಯಾರಸಿಟಮಾಲಿನೊಡನೆಯೋ ಮೊದಲು ಕೊಡಬೇಕೆಂದು 2024ರ ಮಾರ್ಗಸೂಚಿ ಹೇಳಿತು. ಬುದ್ಧಿಹಲ್ಲಿನ ರೋಗಿಗಳ ಮೇಲೆಯೇ ಅಳೆದು ನೋಡಿದಾಗ, ಈ ಸಾಮಾನ್ಯ ಮಾತ್ರೆಗಳ ಜೋಡಿ ಅಫೀಮಿನ ಮಾತ್ರೆಗಳಿಗೆ ಸೋಲುವಂಥದಾಗಿರಲಿಲ್ಲ. ನನ್ನ ಚೀಟಿಯಲ್ಲಿದ್ದದ್ದೂ ಆ ಜೋಡಿಯೇ.

ಎಂಟನೆಯ ದಿನ ಕಾಲೇಜಿಗೆ ಹೋದೆ. ಬಾಯಿ ಎರಡು ಬೆರಳಷ್ಟು ಮಾತ್ರ ತೆರೆಯುತ್ತಿತ್ತು. ಹಳಗನ್ನಡದ ಮಹಾಪ್ರಾಣಗಳು ಆ ವಾರವೆಲ್ಲ ಅಲ್ಪಪ್ರಾಣಗಳಾದವು. ಮಕ್ಕಳು ನಗಲಿಲ್ಲ, ಅಥವಾ ನಾನು ಹಲಗೆಯ ಕಡೆ ತಿರುಗಿದಾಗ ನಕ್ಕಿರಬೇಕು. ಮಧ್ಯಾಹ್ನ ವಿಭಾಗದ ಬೀರುವಿನಿಂದ ಹಳೆಯ ಹಾಜರಿ ಪುಸ್ತಕವನ್ನು ಹೊರತೆಗೆದೆ. ಕೆಂಪು ಶಾಯಿಯ ಗುರುತುಗಳೆರಡೂ ಇದ್ದಲ್ಲೇ ಇದ್ದವು. ಆಕೆ ಆ ವೇಳೆಗೆ ಪದವಿ ಮುಗಿಸಿ ಬೇರೆ ಊರಿಗೆ ಹೋಗಿದ್ದಳು. ಕಛೇರಿಯ ಲೆಕ್ಕ ಮುಗಿದು ವರ್ಷವಾಗಿತ್ತು. ನೀಲಿ ಶಾಯಿಯಲ್ಲಿ ಅವುಗಳನ್ನು ತಿದ್ದಿ, ಪಕ್ಕದಲ್ಲಿ ಸಣ್ಣದಾಗಿ ಸಹಿ ಹಾಕಿದೆ. ತಿದ್ದುಪಡಿಗೆ ಕಾರಣವನ್ನು ಬರೆಯಬೇಕೆಂಬುದು ಕಛೇರಿಯ ನಿಯಮ. 'ಹಲ್ಲುನೋವು' ಎಂದು ಬರೆದೆ, ಯಾರದೆಂದು ಬರೆಯಲಿಲ್ಲ.